ಮಾವನ ಹೃದಯ ಬಲಗಡೆ ಇದ್ದ ಒಂಬತ್ತು ದಿನ

ಮನುಷ್ಯನ ಮೈಯನ್ನು ಅಡ್ಡಡ್ಡ ಕೊಯ್ದರೆ ಒಳಗೆ ಹೇಗಿರುತ್ತದೆ ಎಂದು ನಾನು ಮೊದಲ ಸಲ ನೋಡಿದ್ದು ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಕಾರ್ಖಾನೆಯಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಗಾಬರಿ ಬೇಡ, ನೋಡಿದ್ದು ಕಂಪ್ಯೂಟರಿನಲ್ಲಿ.

ಕಾರ್ಖಾನೆ ಎಂದರೆ ದೊಡ್ಡ ಕಟ್ಟಡವೇನಲ್ಲ. ಮೇಲೆ ತಗಡಿನ ಚಾವಣಿ, ಕೆಳಗೆ ಇಪ್ಪತ್ತು ಹೊಲಿಗೆ ಮಶೀನು, ನಡುವೆ ಬಟ್ಟೆ ಹಾಸಿ ಕತ್ತರಿಸುವ ಉದ್ದನೆಯ ಟೇಬಲ್ಲು, ಮೂಲೆಯಲ್ಲಿ ನಾನು ಮತ್ತು ನನ್ನ ಕಂಪ್ಯೂಟರ್. ಸಿರುಗುಪ್ಪದಲ್ಲಿ ಪಿಯುಸಿ ಕಾಮರ್ಸ್ ಮುಗಿಸಿ ಬಂದವನು ನಾನು. ಆನ್‌ಲೈನ್ ಆರ್ಡರ್ ಬರೆದುಕೊಳ್ಳುವುದು, ವಾಪಸ್ ಬಂದ ಪ್ಯಾಂಟುಗಳ ದೂರು ಓದುವುದು ನನ್ನ ಕೆಲಸ. ದೂರು ಯಾವಾಗಲೂ ಒಂದೇ: ಸೊಂಟ ಸರಿ ಇದೆ, ತೊಡೆ ಬಿಗಿ. ದಿನಾ ಅದನ್ನೇ ಓದಿ ಓದಿ ಬೇಜಾರಾಗಿ, ಈ ತೊಡೆಯ ಒಳಗೆ ಅಂಥದ್ದೇನಿದೆ ನೋಡೇಬಿಡೋಣ ಎಂದು ಒಂದು ದಿನ ಹುಡುಕಿದೆ. ಹುಡುಕಿದ್ದು ತೊಡೆ, ಸಿಕ್ಕಿದ್ದು ಇಡೀ ಮನುಷ್ಯ.

ಯಾವುದೋ ದೇಶದ ಒಬ್ಬ ಪುಣ್ಯಾತ್ಮ, ಸತ್ತ ಮೇಲೆ ನನ್ನ ಮೈ ಓದುವವರಿಗೆ ಇರಲಿ ಎಂದು ಬರೆದುಕೊಟ್ಟಿದ್ದನಂತೆ. ಅವನನ್ನು ಮಂಜುಗಡ್ಡೆಯ ಹಾಗೆ ಹೆಪ್ಪುಗಟ್ಟಿಸಿ, ತಲೆಯಿಂದ ಪಾದದವರೆಗೆ ತೆಳುವಾಗಿ ಹೆರೆಯುತ್ತಾ ಹೋಗಿ, ಒಂದೊಂದು ಪದರ ಹೆರೆದಾಗಲೂ ಉಳಿದ ಮೈಯ ಒಂದೊಂದು ಫೋಟೊ ತೆಗೆದಿದ್ದರು. ಅಂಥ ಸಾವಿರಾರು ಫೋಟೊ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾನು ಬ್ರೂಸ್‌ಪೇಟೆಯಲ್ಲಿ ಹಳೇ ಹಾರ್ಡ್ ಡಿಸ್ಕ್ ಒಂದನ್ನು ತಂದು ಎರಡು ವಾರ ಇಳಿಸಿಕೊಂಡೆ. ಮಾಲೀಕರು ನೆಟ್ ಯಾಕೆ ನಿಧಾನ ಎಂದು ಕೇಳಿದರೆ ಮಳೆ, ಕೇಬಲ್, ಇಲಿ ಎಂದು ದಿನಕ್ಕೊಂದು ಕಾರಣ ಹೇಳಿದೆ.

ಫೋಟೊಗಳನ್ನೆಲ್ಲ ಸಾಲಾಗಿ ಜೋಡಿಸಿ ಮೌಸಿನ ಗಾಲಿ ತಿರುಗಿಸಿದರೆ ಅವನ ಮೈಯೊಳಗೆ ನಾವೇ ಇಳಿದುಕೊಂಡು ಹೋದಂತೆ. ಮಿದುಳಿನ ಸುಕ್ಕು ಕಾಣಿಸಿ ಮಾಯವಾಗುತ್ತದೆ, ಕಣ್ಣುಗುಡ್ಡೆ ಎರಡು ಚುಕ್ಕೆಯಾಗಿ ಹುಟ್ಟಿ ದೊಡ್ಡದಾಗಿ ಮತ್ತೆ ಚುಕ್ಕೆಯಾಗುತ್ತದೆ, ಪುಪ್ಪುಸದ ನಡುವೆ ಹೃದಯ ಎದುರಾಗುತ್ತದೆ. ಕೆಳಗೆ ಬಂದರೆ ತೊಡೆ: ನಡುವೆ ಎಲುಬಿನ ಬಿಳಿ ಉಂಗುರ, ಸುತ್ತ ಕೆಂಪು ಮಾಂಸದ ಕಟ್ಟು, ಹೊರಗೆ ಕೊಬ್ಬಿನ ಹಳದಿ ಅಂಚು. ಎಷ್ಟು ಸ್ಪಷ್ಟ ಎಂದರೆ ಮಾಂಸದ ಎಳೆಗಳು ಹರಿದ ಡೆನಿಮ್ಮಿನ ದಾರದ ಹಾಗೆ ಎಣಿಸುವಂತಿದ್ದವು. ಊಟದ ಡಬ್ಬಿ ಮುಂದಿಟ್ಟುಕೊಂಡು ಇದನ್ನು ನೋಡುತ್ತಿದ್ದ ನನ್ನನ್ನು ಕಂಡು ಗುಂಡಿಗೆ ಕಾಜಾ ಹೊಡೆಯುವ ಹೆಂಗಸರು ತಮ್ಮ ಊಟದ ಜಾಗವನ್ನೇ ಬದಲಿಸಿದರು.

ಒಂದು ಸಂಗತಿ ಮಾತ್ರ ನನ್ನನ್ನು ಕಾಡಿತು. ಲಿವರ್ ಬಲಗಡೆ ಇರುತ್ತದೆ ಎಂದು ಶಾಲೆಯಲ್ಲೇ ಹೇಳಿಕೊಟ್ಟಿದ್ದರು. ಈ ಮನುಷ್ಯನ ಲಿವರ್ ಪರದೆಯ ಎಡಗಡೆ ಇತ್ತು. ಹೃದಯದ ತುದಿ ಬಲಕ್ಕೆ ಚಾಚಿತ್ತು. ಮೊದಲು ಇಳಿಸಿಕೊಳ್ಳುವಾಗ ಕೆಟ್ಟಿರಬೇಕು ಎಂದುಕೊಂಡೆ. ಆಮೇಲೆ ಫೋನಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು: ಕೆಲವೇ ಕೆಲವರಿಗೆ ಹುಟ್ಟುತ್ತಲೇ ಒಳಗಿನ ಅಂಗಗಳೆಲ್ಲ ಎಡಬಲ ಅದಲುಬದಲಾಗಿರುತ್ತವಂತೆ. ಸರಿ, ನನಗೆ ಸಿಕ್ಕವನು ಅಂಥ ಅಪರೂಪದವನು ಎಂದು ತೀರ್ಮಾನಿಸಿದೆ. ಫೋಟೊಗಳ ಜತೆಗೆ 'ಮೊದಲು ಇದನ್ನು ಓದಿ' ಎಂಬ ಒಂದು ಸಣ್ಣ ಕಡತವೂ ಬಂದಿತ್ತು. ಮಿಕ್ಸಿ ತಂದರೆ ಅದರೊಳಗಿನ ಚೀಟಿ ಓದಿ ಚಟ್ನಿ ಅರೆದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಪುಸ್ತಕವನ್ನೂ ಮುಟ್ಟಲಿಲ್ಲ. ಪುಸ್ತಕ ಎಂದರೆ ಬೇರೆಯವರ ಅಭಿಪ್ರಾಯ, ನಾನು ನೇರವಾಗಿ ಮನುಷ್ಯನನ್ನೇ ಓದುತ್ತಿದ್ದೇನೆ ಎಂಬ ಜಂಬ.

ಈ ಜಂಬಕ್ಕೆ ನೀರೆರೆದವಳು ಸಿರುಗುಪ್ಪದಲ್ಲಿದ್ದ ನನ್ನ ಅವ್ವ. ಮಗ ಡಾಕ್ಟರಿಕೆ ತಾನೇ ಕಲಿಯುತ್ತಿದ್ದಾನೆ ಎಂದು ಓಣಿಗೆಲ್ಲ ಹೇಳಿದಳು. ನಮ್ಮ ಕಡೆ ಸ್ಕ್ಯಾನ್ ಫಿಲ್ಮ್ ಎಂದರೆ ಮನೆಯ ಆಸ್ತಿ ಇದ್ದ ಹಾಗೆ. ದೊಡ್ಡ ಕವರಿನಲ್ಲಿ ಹಾಕಿ ಅಲ್ಮೇರದ ಮೇಲೆ ಇಟ್ಟಿರುತ್ತಾರೆ, ನೆಂಟರು ಬಂದಾಗ ಚಹಾದ ಜತೆ ಇಳಿಸುತ್ತಾರೆ. ಬಂದವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, 'ಹೂಂ, ಕಾಣ್ತೈತಿ' ಎನ್ನಬೇಕು. ಏನು ಕಾಣುತ್ತದೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಮರ್ಯಾದೆ ಅಲ್ಲ. ಅಂಥವರ ನಡುವೆ 'ಇದು ಬೆನ್ನೆಲುಬು, ಇದು ಮಂಡಿಚಿಪ್ಪು' ಎಂದು ಬೆರಳಿಟ್ಟು ತೋರಿಸುವ ನಾನು ದೊಡ್ಡ ಮನುಷ್ಯನಾಗಿಬಿಟ್ಟೆ. ಬೆನ್ನೆಲುಬೂ ಮಂಡಿಚಿಪ್ಪೂ ನಡುವಿನ ವಸ್ತುಗಳಾದ್ದರಿಂದ ಎಡಬಲದ ಗೊಡವೆ ಇರಲಿಲ್ಲ, ನನ್ನ ಮಾನ ಉಳಿದುಕೊಂಡು ಬಂತು.

ಹೀಗಿರುವಾಗ ನನ್ನ ಸೋದರಮಾವನಿಗೆ ಸೊಂಟದ ಮೇಲೆ ನೋವು ಬಂತು.

ಮಾವ ಹಚ್ಚೊಳ್ಳಿಯವನು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವನು, ಟ್ರ್ಯಾಕ್ಟರ್ ಓಡಿಸುವಾಗಲೂ ಎದುರಿನವನೇ ದಾರಿ ಬಿಡಬೇಕು ಎನ್ನುವವನು. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ಎಡ ಕಿಡ್ನಿಯಲ್ಲಿ ದೊಡ್ಡ ಕಲ್ಲು, ಮೂತ್ರ ಇಳಿಯುವ ದಾರಿಗೆ ಅಡ್ಡ ಕೂತಿದೆ, ಬುಧವಾರ ಬೆನ್ನಿಗೆ ಸಣ್ಣ ತೂತು ಮಾಡಿ ಕಲ್ಲು ಒಡೆದು ತೆಗೆಯುತ್ತೇವೆ ಎಂದರು. ಸೋಮವಾರ ಊಟದ ಬಿಡುವಿನಲ್ಲಿ ನಾನು ಆಸ್ಪತ್ರೆಗೆ ಹೋದೆ. ಮಾವ ಹಾಸಿಗೆಯ ಮೇಲೆ ಕೂತಿದ್ದ, ಅತ್ತೆ ಕಿತ್ತಳೆ ಸುಲಿಯುತ್ತಿದ್ದಳು. ಇಬ್ಬರೂ ನನಗಾಗಿಯೇ ಕಾದಂತಿದ್ದರು. ನಾನು ಕೂರುವ ಮೊದಲೇ ಕವರ್ ಕೈಗೆ ಬಂತು.

ಕಿಟಕಿಗೆ ಹಿಡಿದೆ. ಒಂದು ಹಾಳೆಯಲ್ಲಿ ಇಪ್ಪತ್ತು ಸಣ್ಣ ಚಿತ್ರ. ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು, ಚಿತ್ರದ ಬಲಗಡೆ. ಮೇಲಿನ ಸಾಲಿನಲ್ಲಿ ಲಿವರ್ ಕಂಡಿತು, ಚಿತ್ರದ ಎಡಗಡೆ. ನನಗೆ ಮೈ ಜುಂ ಎಂದಿತು.

"ಏನ್ ಕಾಣ್ತೈತಲೇ ಅಳಿಯ, ಮಾರಿ ಯಾಕ ಹಂಗ ಮಾಡ್ದಿ?" ಎಂದ ಮಾವ.

"ಮಾವ, ನಿನ್ ಲಿವರ್ ಎಡಕ್ಕೈತಿ."

"ಎಲ್ಲಾರಿಗೂ ಎಲ್ಲಿರ್ತೈತಿ?"

"ಬಲಕ್ಕ."

ಮಾವ ಅತ್ತೆಯ ಮುಖ ನೋಡಿದ. ನಾನು ದನಿ ತಗ್ಗಿಸಿ ವಿವರಿಸಿದೆ. ಇವನ ಒಳಗೆಲ್ಲ ಅದಲುಬದಲು. ಅಂಥವರು ಎಲ್ಲೋ ಒಬ್ಬೊಬ್ಬರು. ಡಾಕ್ಟರು ಅದನ್ನು ಗಮನಿಸದೆ, ಲಿವರಿನ ಎದುರು ಬದಿ ಎಲ್ಲರ ಹಾಗೆ ಎಡವೇ ಎಂದುಕೊಂಡು ಎಡ ಕಿಡ್ನಿ ಎಂದು ಬರೆದಿದ್ದಾರೆ. ಕಲ್ಲು ಇರುವುದು ಬಲಕ್ಕೆ. ಬುಧವಾರ ಅವರು ತೂತು ಹಾಕುವುದು ಏನೂ ಇಲ್ಲದ ಕಡೆ.

ಅತ್ತೆಯ ಕೈಯಲ್ಲಿ ಕಿತ್ತಳೆ ಅಲ್ಲೇ ನಿಂತಿತು. "ಮತ್ತ ನೋವು ಎಡಕ್ಕೈತಿ ಅಂತಾರಲ್ಲೋ ಇವ್ರು?"

"ನರ ಅಡ್ಡ ಹಾಯ್ದು ಬರ್ತಾವ ಅತ್ತಿ. ಕಲ್ಲು ಒಂದ್ ಕಡಿ, ನೋವು ಒಂದ್ ಕಡಿ."

ಇದನ್ನು ನಾನು ಎಲ್ಲಿಯೂ ಓದಿರಲಿಲ್ಲ. ಬಾಯಿಗೆ ತಾನಾಗಿ ಬಂತು. ಗೊತ್ತಿಲ್ಲದ ವಿಷಯ ಎಷ್ಟು ಸರಾಗವಾಗಿ ಬಾಯಿಗೆ ಬರುತ್ತದೆ ಎನ್ನುವುದು ನಾನು ಅಂಗರಚನೆಯಲ್ಲಿ ಸ್ವಂತವಾಗಿ ಕಂಡುಹಿಡಿದ ಒಂದೇ ಸತ್ಯ. ಆಮೇಲೆ ಮಾವನ ಅಂಗಿ ಬಿಚ್ಚಿಸಿ ಎದೆಯ ಬಲಗಡೆ ಕಿವಿ ಇಟ್ಟೆ. ದಬ್ ದಬ್ ಎಂದು ಕೇಳಿಸಿತು. ಎಡಗಡೆ ಇಟ್ಟು ನೋಡಬೇಕು ಎಂದು ಮಾತ್ರ ತೋಚಲಿಲ್ಲ.

"ಹೃದಯನೂ ಬಲಕ್ಕ," ಎಂದೆ.

ಮಾವ ಹೆದರುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಅರಳಿತು. "ನಮ್ಮಪ್ಪ ಅಂತಿದ್ದ, ಇವ ಎಲ್ಲಾರ್ ಹಂಗ ಅಲ್ಲ ಅಂತ. ಯಾರರ ನಂಬಿದ್ರಾ?"

"ಮೂವತ್ತು ವರ್ಷ ಆತು, ನೀವು ಒಂದ್ ಮಾತು ಸೀದಾ ತಗೊಂಡವ್ರಲ್ಲ," ಎಂದಳು ಅತ್ತೆ. "ಇವತ್ತು ಗೊತ್ತಾತು, ತಪ್ಪು ನಿಮ್ದಲ್ಲ, ಒಳಗಿಂದು ಅಂತ."

ಮರುದಿನ ಬೆಳಗ್ಗೆ ಡಾಕ್ಟರು ತಮ್ಮ ಹಿಂದೆ ನಾಲ್ಕು ಜನ ಕಿರಿಯರನ್ನು ಕಟ್ಟಿಕೊಂಡು ಬಂದಾಗ ಏನಾಯಿತೆಂದು ಅತ್ತೆ ಆಮೇಲೆ ಹೇಳಿದಳು. ಮಾವ ಹಾಸಿಗೆಯಿಂದ ಎದ್ದು ನಿಂತು, ನನ್ನ ಹೃದಯ ಬಲಕ್ಕಿದೆ, ಕಲ್ಲೂ ಬಲಕ್ಕಿದೆ, ವಿಚಾರ ಮಾಡಿ ಕೊಯ್ಯಿರಿ ಎಂದನಂತೆ.

"ಯಾರು ಹೇಳಿದ್ದು?" ಎಂದರಂತೆ ಡಾಕ್ಟರು.

"ನಮ್ಮ ಅಳಿಯ."

"ಅವರೂ ಡಾಕ್ಟರಾ?"

"ಜೀನ್ಸ್ ಪ್ಯಾಂಟ್ ಕಂಪನಿಯಾಗ ಅದಾನ."

ಡಾಕ್ಟರು ನಕ್ಕರಂತೆ. ಅವರು ನಕ್ಕಿದ್ದರಿಂದ ನಾಲ್ಕು ಜನ ಕಿರಿಯರೂ ನಕ್ಕರಂತೆ, ಅದು ಅವರ ಕೆಲಸದ ಭಾಗವೇ ಇರಬೇಕು. ಆಮೇಲೆ ಎಲ್ಲರೂ ಪಕ್ಕದ ಹಾಸಿಗೆಗೆ ಹೋದರು. ಒಬ್ಬರಾದರೂ ನಿಂತು ಹೀಗಲ್ಲ, ಹೀಗೆ ಎಂದು ಹೇಳಿದ್ದರೆ ಮಾವ ಕೇಳುತ್ತಿದ್ದನೋ ಏನೋ. ನಕ್ಕರೆ ಮಾತ್ರ ಅವನು ಕೇಳುವ ಗಿರಾಕಿಯಲ್ಲ. ಆ ಮಧ್ಯಾಹ್ನವೇ ಸ್ವಂತ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆ ಎಂದು ಸಹಿ ಹಾಕಿ ಹೊರಟ. ಆಪರೇಶನ್ನಿಗೆಂದು ಹೋದವನು ಹಾಗೇ ಬಂದ ಎಂದು ಹಚ್ಚೊಳ್ಳಿಯಲ್ಲಿ ಆಡಿಕೊಳ್ಳುತ್ತಾರಲ್ಲ, ಅದಕ್ಕೆ ನೇರವಾಗಿ ಕುರುಗೋಡಿಗೆ, ಅತ್ತೆಯ ತವರು ಮನೆಗೆ ಹೋದ. ಅಳಿಯ ಯಾವ ಸ್ಥಿತಿಯಲ್ಲಿ ಬಂದರೂ ಅಲ್ಲಿ ಅಳಿಯನೇ.

ಕುರುಗೋಡಿನಲ್ಲಿ ಮಾವನ ಹೃದಯಕ್ಕೆ ಸಿಕ್ಕ ಮರ್ಯಾದೆ ಅವನ ತಲೆಗೆ ಯಾವತ್ತೂ ಸಿಕ್ಕಿರಲಿಲ್ಲ. ಅತ್ತೆಯ ಅಣ್ಣ ದಿನಾ ನನಗೆ ಫೋನು ಮಾಡಿ ವರದಿ ಕೊಡುತ್ತಿದ್ದ.

"ಓಣ್ಯಾಗಿನ್ ಮಂದಿ ಬಂದಿದ್ರು ನಿಮ್ಮ ಮಾವನ ಎದಿ ಕೇಳಾಕ. ನಾನೂ ಕಿವಿ ಇಟ್ಟೆ. ಬಲಕ್ಕ ಖಡಕ್ ಕೇಳ್ತೈತಿ ನೋಡಪಾ."

"ನೋವು ಹೆಂಗೈತ್ರಿ?"

"ನೋವಿನ ಗುಳಿಗಿ ತಗೊಂತಾರ. ಬಾಳಿದಿಂಡಿನ ರಸ ಕುಡಿತಾರ. ಅದ್ಯಾಕ, ಹುಲಿ ಆಗ್ಯಾರ."

ನನಗೂ ಸುಳ್ಳೇಕೆ, ಖುಷಿಯೇ ಆಗಿತ್ತು. ಡಾಕ್ಟರಿಗೆ ಕಾಣದ್ದು ನನಗೆ ಕಂಡಿದೆ. ಬೇರೆ ಆಸ್ಪತ್ರೆ ಹುಡುಕಿ, ಅಲ್ಲಿ ಬಲಕ್ಕೇ ತೂತು ಹಾಕಿಸಿ, ಆಮೇಲೆ ಈ ಡಾಕ್ಟರಿಗೆ ಒಂದು ಪತ್ರ ಬರೆಯಬೇಕು ಎಂದು ಮನಸ್ಸಿನಲ್ಲೇ ಅದರ ಮೊದಲ ಸಾಲು ಕೂಡ ತಯಾರು ಮಾಡಿದ್ದೆ.

ಮುಂದಿನ ಬುಧವಾರ ನಮ್ಮ ಕಟಿಂಗ್ ಮಾಸ್ಟರ್ ನನ್ನ ಕಂಪ್ಯೂಟರಿನ ಹಿಂದೆ ಬಂದು ನಿಂತರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ನಲವತ್ತು ಪದರ ಡೆನಿಮ್ ಒಟ್ಟಿಗೆ ಹಾಸಿ ಮಶೀನ್ ಚಾಕುವಿನಿಂದ ಕೊಯ್ದರೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಕೂದಲೆಳೆ ವ್ಯತ್ಯಾಸ ಬರಬಾರದು, ಆ ಕೈ ಅವರದು. ನಾನು ನನ್ನ ಪುಣ್ಯಾತ್ಮನನ್ನು ತೋರಿಸಿ, ಇವನೂ ನಮ್ಮ ಮಾವನೂ ಒಂದೇ ಜಾತಿಯ ಅಪರೂಪದವರು ಎಂದು ಪೂರ್ತಿ ಕಥೆ ಹೇಳಿದೆ. ಚಾಚಾ ಪಾನ್ ಜಗಿಯುತ್ತ ಕೇಳಿದರು.

"ಬೇಟಾ, ಈ ಫೋಟೊ ತೆಗೆದವ ಎಲ್ಲಿ ನಿಂತಿದ್ದ?"

"ಅಂದ್ರ?"

"ತಲಿ ಕಡಿ ನಿಂತಿದ್ನೋ, ಕಾಲ್ ಕಡಿ ನಿಂತಿದ್ನೋ?"

"ತಲಿ ಕಡಿ. ತಲಿಯಿಂದ ಹೆರ್ಕೊಂತ ಬಂದಾರ. ನಾ ತಲಿ ಬಗ್ಗಿಸಿ ನನ್ ಹೊಟ್ಟಿ ನೋಡ್ಕೊಂಡಂಗ."

"ನಿಂಗ್ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು ಚಾಚಾ, ಅದು ಗೊತ್ತಾಗ್ತೈತಿ."

ಚಾಚಾ ಹೊಲಿದು ಮುಗಿದ ಒಂದು ಪ್ಯಾಂಟನ್ನು ತಂದು ಟೇಬಲ್ಲಿನ ಮೇಲೆ, ಮುಂಭಾಗ ಮೇಲಾಗಿ, ಕಾಲು ನನ್ನ ಕಡೆ ಬರುವಂತೆ ಹಾಸಿದರು. ಜೀನ್ಸಿನ ಮುಂದಿನ ಜೇಬಿನೊಳಗೆ ಚಿಲ್ಲರೆ ಇಡುವ ಒಂದು ಪುಟ್ಟ ಜೇಬಿರುತ್ತದಲ್ಲ, ಅದರ ಮೇಲೆ ಬೆರಳಿಟ್ಟರು.

"ಇದು ನಿನ್ನ ಯಾವ ಕೈ ಕಡಿ ಐತಿ?"

"ಎಡಗೈ."

"ತೊಟ್ಕೊಂಡ್ರ ಯಾವ ಕಡಿ ಬರ್ತೈತಿ?"

"ಬಲಕ್ಕ."

"ಹಂಗಾರ ನಾನು ಇಷ್ಟು ವರ್ಷ ಕತ್ರಿಸಿದ ಪ್ಯಾಂಟೆಲ್ಲ ಅಪರೂಪದ್ವು ಏನಪಾ?"

ಅಷ್ಟು ಹೇಳಿ ಅವರು ತಮ್ಮ ಚಾಕುವಿನ ಕಡೆ ಹೋದರು. ನಾನು ಪ್ಯಾಂಟನ್ನೂ ಪರದೆಯನ್ನೂ ಎಷ್ಟು ಹೊತ್ತು ನೋಡಿದೆನೋ. ಆಮೇಲೆ 'ಮೊದಲು ಇದನ್ನು ಓದಿ' ತೆಗೆದೆ. ಎರಡನೇ ಸಾಲಿನಲ್ಲೇ ಇತ್ತು. ಎಲ್ಲ ಚಿತ್ರಗಳನ್ನೂ ಪಾದದ ಕಡೆಯಿಂದ ನೋಡಿದಂತೆ ಇಡಲಾಗಿದೆ, ಮಲಗಿದ ವ್ಯಕ್ತಿಯ ಬಲಭಾಗ ನೋಡುವವರ ಎಡಕ್ಕೆ ಬರುತ್ತದೆ. ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳ ರೂಢಿಯೂ ಇದೇ. ಹಾಸಿಗೆಯ ಕಾಲಬುಡದಲ್ಲಿ ನಿಂತು ರೋಗಿಯನ್ನು ನೋಡುವ ಡಾಕ್ಟರಿಗೆ ಕಂಡಂತೆ. ಜಗತ್ತಿನ ಎಲ್ಲ ಲಿವರುಗಳೂ ಚಿತ್ರದಲ್ಲಿ ಎಡಕ್ಕೇ ಬರುತ್ತವೆ. ನನ್ನ ಪುಣ್ಯಾತ್ಮ ಎಲ್ಲರಂಥವನೇ. ಮಾವನೂ.

ಅಂದರೆ ಕಲ್ಲು ಡಾಕ್ಟರು ಬರೆದಲ್ಲೇ ಇದೆ. ಎಡ ಕಿಡ್ನಿಯ ಬಾಯಿಗೆ ಬಿರಡೆ ಹಾಕಿಕೊಂಡು ಒಂಬತ್ತು ದಿನದಿಂದ ಕೂತಿದೆ, ನನ್ನಿಂದಾಗಿ.

ಕುರುಗೋಡಿಗೆ ಫೋನು ಮಾಡಿದೆ. ಎತ್ತಿದವಳು ಅತ್ತೆ.

"ನಿನ್ನಿಯಿಂದ ಜ್ವರ ಬಂದೈತಿ. ಮೂರು ಕಂಬಳಿ ಹೊಚ್ಚೀನಿ, ನಡುಗೋದು ನಿಲ್ಲವಲ್ದು. ಬಾಳಿದಿಂಡು ಥಂಡಿ ಮಾಡಿರ್ಬೇಕಂತ ಅಣ್ಣ ಅಂತಾನ."

ಮುಚ್ಚಿದ ದಾರಿಯ ಹಿಂದೆ ನಿಂತ ಮೂತ್ರದಲ್ಲಿ ಕೀವು ತುಂಬಿದರೆ ಏನಾಗುತ್ತದೆ ಎಂದು ಆಗ ಅಲ್ಲೇ ನಿಂತು ಹುಡುಕಿ ಓದಿದೆ. ಈ ಸಲ ಪೂರ್ತಿ ಓದಿದೆ. ಕಿಡ್ನಿ ಹೋಗಬಹುದು. ಮನುಷ್ಯನೂ ಹೋಗಬಹುದು.

ಮಾಲೀಕರಿಗೆ ಹೇಳಿ ಕುರುಗೋಡಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕು ಎಂದು ಅಭ್ಯಾಸ ಮಾಡಿಕೊಂಡೆ. 'ಹೊಸ ಸಂಶೋಧನೆ ಬಂದಿದೆ ಮಾವ' ಎನ್ನಲೇ? 'ಹೃದಯ ಮತ್ತೆ ಸರಿಯಾದ ಜಾಗಕ್ಕೆ ಬಂದಿದೆ' ಎನ್ನಲೇ? ಇಂಥ ಹೊತ್ತಿನಲ್ಲೂ ತಲೆ ಸುಳ್ಳನ್ನೇ ಹೊಲಿಯುತ್ತಿತ್ತು. ಬಂಡೆಗುಡ್ಡ ಕಾಣಿಸಿ ಕುರುಗೋಡಿನ ನಿಲ್ದಾಣ ಬಂದಾಗ, ತಪ್ಪಿದೆ ಎಂದು ಹೇಳುವುದೇ ಎಲ್ಲಕ್ಕಿಂತ ಚಿಕ್ಕ ವಾಕ್ಯ ಎಂದು ಗೊತ್ತಾಯಿತು.

ಪಡಸಾಲೆಯಲ್ಲಿ ಮಾವ ಮಂಚದ ಮೇಲೆ ಕಂಬಳಿಗಳ ಕೆಳಗೆ ಮಲಗಿದ್ದ. ಸುತ್ತ ಓಣಿಯ ಐದಾರು ಗಂಡಸರು. ಕಿಟಕಿಗೆ ಅವನ ಫಿಲ್ಮನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತೂಗುಹಾಕಿದ್ದರು. ನನ್ನನ್ನು ಕಂಡು ಎಲ್ಲರೂ ಜಾಗ ಬಿಟ್ಟರು. ಒಬ್ಬರು ತಮ್ಮ ಸ್ಕ್ಯಾನಿನ ಕವರನ್ನೂ ತಂದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

"ಮಾವ, ನಂದು ತಪ್ಪಾಗೈತಿ," ಎಂದೆ. "ನಿಂದೆಲ್ಲ ಸರಿ ಐತಿ. ಲಿವರ್ ಬಲಕ್ಕ, ಹೃದಯ ಎಡಕ್ಕ. ಕಲ್ಲು ಎಡಕ್ಕ. ಡಾಕ್ಟರ್ ಹೇಳಿದ್ದೇ ಖರೆ. ಈಗೇ ಬಳ್ಳಾರಿಗೆ ಹೋಗ್ಬೇಕು."

ಮಾವ ಕಂಬಳಿಯಿಂದ ಕಣ್ಣಷ್ಟೇ ಹೊರಗೆ ಹಾಕಿ ನೋಡಿದ. ಹಲ್ಲು ಕಟಕಟಿಸುತ್ತಿದ್ದವು. "ಇವನ್ನ ಯಾರೋ ಹೆದ್ರಿಸಿ ಕಳ್ಸ್ಯಾರ."

"ಯಾರೂ ಹೆದ್ರಿಸಿಲ್ಲ. ನಾ ಫೋಟೊ ತಪ್ಪು ತಿಳ್ಕೊಂಡಿದ್ದೆ."

"ಏನಪಾ ನೀ ಹಿಂಗ ಅಂತಿ," ಎಂದ ಅತ್ತೆಯ ಅಣ್ಣ, ಸ್ವಲ್ಪ ಬೇಜಾರಾಗಿಯೇ. "ನಾ ನನ್ನ ಕಿವಿಲೆ ಕೇಳೀನಿ, ಬಲಕ್ಕ ಹೊಡ್ಕೊಂತೈತಿ. ಇವ್ರೆಲ್ಲ ಕೇಳ್ಯಾರ."

"ಎಲ್ಲಾರ್ದೂ ಬಲಕ್ಕೂ ಕೇಳ್ತೈತ್ರಿ. ನಂದೂ ಕೇಳ್ತೈತಿ. ಬೇಕಾದ್ರ ನೋಡ್ರಿ."

ಅಂಗಿಯ ಗುಂಡಿ ಬಿಚ್ಚಿದೆ. ಒಬ್ಬೊಬ್ಬರಾಗಿ ಬಂದು ನನ್ನ ಎದೆಯ ಬಲಕ್ಕೆ ಕಿವಿ ಇಟ್ಟರು. ಎಲ್ಲರಿಗೂ ಕೇಳಿಸಿತು.

"ಹಂಗಾರ ಇವಂದೂ ಉಲ್ಟಾ," ಎಂದ ಅತ್ತೆಯ ಅಣ್ಣ. "ಸೋದರಮಾವಂದು ಅಳಿಯಗ ಬಂದೈತಿ."

ಎಲ್ಲರೂ ಹೌದೆಂದು ತಲೆ ಆಡಿಸಿದರು. ಮಾವನಿಗಂತೂ ಆ ಜ್ವರದಲ್ಲೂ ಹೆಮ್ಮೆಯಾದಂತೆ ಕಂಡಿತು. ಒಂಬತ್ತು ದಿನದ ಹಿಂದೆ ನಾನು ಬಾಯಿಗೆ ಬಂದದ್ದು ಹೇಳಿದಾಗ ಒಬ್ಬರೂ ಸಾಕ್ಷಿ ಕೇಳಿರಲಿಲ್ಲ. ಈಗ ನಿಜ ಹೇಳಲು ಅಂಗಿ ಬಿಚ್ಚಿದರೂ ಸಾಲುತ್ತಿಲ್ಲ. ನನಗೆ ಅಳು ಬಂತು. ಕೊನೆಗೆ ಬಾಗಿಲ ಬಳಿ ನಿಂತಿದ್ದ ಅತ್ತೆಯ ಕಡೆ ತಿರುಗಿದೆ.

"ಅತ್ತಿ, ಈ ಫೋಟೊ ಮಲಗಿದವ್ರ ಕಾಲ್ ಕಡಿ ಕುಂತು ನೋಡಿದಂಗ ಇರ್ತೈತಿ. ನಾ ತಲಿ ಕಡಿಯಿಂದ ಅನ್ಕೊಂಡಿದ್ದೆ. ಅಷ್ಟೇ ನನ್ನ ತಪ್ಪು."

ಅತ್ತೆ ಕಿಟಕಿಯ ಹತ್ತಿರ ಬಂದು ಫಿಲ್ಮ್ ನೋಡಿದಳು, ಮಂಚ ನೋಡಿದಳು. ಆಮೇಲೆ ನೆಲದ ಮೇಲೆ ಕೂತು ಎರಡೂ ಕಾಲು ಮುಂದೆ ಚಾಚಿದಳು. ಹಚ್ಚೊಳ್ಳಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಕೂಸಿಗೆ ನೀರೆರೆಯಲು ಕರೆಯುವುದು ಅತ್ತೆಯನ್ನೇ. ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು. ಕೂಸಿನ ತಲೆ ಅತ್ತ ಪಾದದ ಕಡೆ, ಕೂಸಿನ ಕಾಲು ಇತ್ತ ತನ್ನ ಹೊಟ್ಟೆಯ ಕಡೆ. ಅವಳು ಬರಿಗಾಲ ಮೇಲೆ ಇಲ್ಲದ ಕೂಸಿನ ಒಂದು ಕೈ ಹಿಡಿದು ತಿಕ್ಕಿದಳು, ಇನ್ನೊಂದು ಕೈ ತಿಕ್ಕಿದಳು.

"ಕೂಸಿನ ಎಡಗೈ ನನ್ನ ಬಲಗೈಗೆ ಬರ್ತೈತಿ," ಎಂದಳು ನಿಧಾನವಾಗಿ. "ಯಾವಾಗ್ಲೂ ಹಂಗೇ ಬರ್ತೈತಿ."

ಎದ್ದು ಕಿಟಕಿಗೆ ಹೋಗಿ ಕಲ್ಲಿನ ಮೇಲೆ ಬೆರಳಿಟ್ಟಳು. "ಇದು ನನ್ನ ಬಲಕ್ಕೈತಿ. ಇವ್ರ ಎಡಕ್ಕ." ಆಮೇಲೆ ಗಂಡನ ಕಡೆ ತಿರುಗಿದಳು. "ನೋವು ಎಡಕ್ಕೈತಿ ಅಂತ ನೀವೇ ಅಂತಿದ್ರಿ. ನಿಮ್ಮ ಮೈ ಹೇಳಿದ್ದು ಬಿಟ್ಟು ಇವನ ಮಾತು ಕೇಳಿದ್ವಿ. ಏಳ್ರಿ."

"ಆ ಡಾಕ್ಟರ್ ಮತ್ತ ನಗ್ತಾನ," ಎಂದ ಮಾವ.

"ನಗ್ಲಿ. ನೀವು ಬದುಕಿದ್ರ ಅವ ನಕ್ಕಿದ್ದು ಕಾಣ್ತೈತಿ."

ಅವಳೇ ಕ್ಲಿಪ್ಪು ಬಿಚ್ಚಿ ಫಿಲ್ಮ್ ಸುತ್ತಿಕೊಂಡಳು. ಅವಳ ಅಣ್ಣ ಗಾಡಿ ತರಲು ಓಡಿದ. ತಮ್ಮ ಕವರ್ ತಂದಿದ್ದ ಮನುಷ್ಯ ನನ್ನನ್ನು ಒಮ್ಮೆ, ಕವರನ್ನು ಒಮ್ಮೆ ನೋಡಿ, ಕವರನ್ನು ಬಗಲಿಗೆ ಸಿಕ್ಕಿಸಿಕೊಂಡು ಎದ್ದುಹೋದರು. ಅವರು ಬುದ್ಧಿವಂತರು.

ಬಳ್ಳಾರಿಯಲ್ಲಿ ಅದೇ ಡಾಕ್ಟರು ನೋಡಿದರು. ಈ ಸಲ ನಗಲಿಲ್ಲ, ಅವರು ನಗಲಿಲ್ಲವೆಂದು ಕಿರಿಯರೂ ನಗಲಿಲ್ಲ. ಕಲ್ಲು ಮುಟ್ಟುವ ಹಾಗಿಲ್ಲ, ಮೊದಲು ಕೀವು ಹೊರಗೆ ಬರಬೇಕು ಎಂದು ಬೆನ್ನಿನಿಂದ ಕಿಡ್ನಿಗೆ ಒಂದು ಸಣ್ಣ ನಳಿಗೆ ಹಾಕಿದರು. ಚೀಲಕ್ಕೆ ಇಳಿದದ್ದನ್ನು ನೋಡಿ ನಾನು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ. ಸಾವಿರಾರು ಪದರ ಕಣ್ಣು ಮಿಟುಕಿಸದೆ ನೋಡಿದವನು ಅರ್ಧ ಲೋಟ ಕೀವು ನೋಡಲಾರದೆ ಹೋದೆ. ಆ ಪುಣ್ಯಾತ್ಮನ ಮೈಯಲ್ಲಿ ಯಾವುದೂ ಹರಿಯುತ್ತಿರಲಿಲ್ಲ, ನಾತ ಬರುತ್ತಿರಲಿಲ್ಲ, ಅವನು ಅಯ್ಯೋ ಎನ್ನುತ್ತಿರಲಿಲ್ಲ.

ಡಾಕ್ಟರು ನನ್ನನ್ನು ಒಳಗೆ ಕರೆದರು. "ಜೀನ್ಸ್ ಕಂಪನಿ ನೀವೇನಾ?" ಎಂದರು. ಬೈಯುತ್ತಾರೆ ಎಂದುಕೊಂಡು ತಲೆ ತಗ್ಗಿಸಿದೆ. ಅವರು ತಮ್ಮ ಪರದೆಯಲ್ಲಿ ಮಾವನ ಸ್ಕ್ಯಾನ್ ತೆರೆದು ಮೌಸ್ ನನ್ನ ಕಡೆ ತಳ್ಳಿದರು. "ಕಲ್ಲು ತೋರಿಸಿ."

ಗಾಲಿ ತಿರುಗಿಸಿದೆ. ಫಿಲ್ಮಿನಲ್ಲಿ ಇಪ್ಪತ್ತು ಚಿತ್ರವಿದ್ದರೆ ಇಲ್ಲಿ ನೂರಾರು. ಲಿವರ್ ಬಂತು, ಹೋಯಿತು. ಎಡ ಕಿಡ್ನಿ ಊದಿಕೊಂಡು, ನಡುವೆ ಕಪ್ಪು ಕೆರೆಯ ಹಾಗೆ ತುಂಬಿ ನಿಂತಿತ್ತು. ಅದರ ತೂಬಿನಲ್ಲಿ ಕಲ್ಲು. ಬೆನ್ನಿನ ಎರಡು ಬದಿಗೂ ದಪ್ಪ ಮಾಂಸದ ಹುರಿ, ನನ್ನ ಪುಣ್ಯಾತ್ಮನಿಗಿಂತ ಎರಡರಷ್ಟು. ಭತ್ತದ ಚೀಲ ಹೊತ್ತ ಬೆನ್ನು. ಚಿಕ್ಕವನಿದ್ದಾಗ ಆ ಬೆನ್ನಿನ ಮೇಲೆ ಕೂತು ನಾನು ಕಾಲುವೆ ದಾಟಿದ್ದೆ. ಇಷ್ಟು ದಿನ ಇದನ್ನು ಕಿಟಕಿಗೆ ಹಿಡಿದಾಗ ಕಲ್ಲು ಕಂಡಿತ್ತು, ಲಿವರ್ ಕಂಡಿತ್ತು, ನನ್ನ ಜಾಣತನ ಕಂಡಿತ್ತು. ಮಾವ ಕಂಡದ್ದು ಅವತ್ತೇ ಮೊದಲು.

"ಇಲ್ಲಿ, ಸರ್. ಎಡ ಕಿಡ್ನಿ," ಎಂದೆ.

"ಸರಿ. ಇನ್ನೊಂದು ಸಲ ಏನಾದರೂ ತೋಚಿದರೆ ಪೇಷಂಟಿಗೆ ಹೇಳಬೇಡಿ, ನನಗೆ ಹೇಳಿ." ಮೌಸನ್ನು ವಾಪಸ್ ಎಳೆದುಕೊಂಡು, "ಅವತ್ತು ನಾನೂ ನಗೋ ಬದಲು ಎರಡು ಮಾತು ಹೇಳಬೇಕಿತ್ತು," ಎಂದರು. ಹಿಂದೆ ನಿಂತ ಕಿರಿಯರಿಗೆ ಇದಕ್ಕೆ ಮುಖ ಹೇಗಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಜ್ವರ ಇಳಿದು, ಕೀವು ನಿಂತು, ಮಾವ ಆಪರೇಶನ್ನಿಗೆ ತಯಾರಾಗಲು ಮೂರು ವಾರ ಹಿಡಿಯಿತು. ಕಿಡ್ನಿ ಉಳಿಯಿತು, ಪೂರ್ತಿ ಮೊದಲಿನಂತಲ್ಲ. ಎಷ್ಟು ಕಡಿಮೆ ಎಂದು ಕೇಳಿದರೆ ಡಾಕ್ಟರು, ಮುಂದೆ ನೋಡೋಣ ಎಂದರು. ಆ ಮೂರು ವಾರ ಮಾವ ನನ್ನನ್ನು ಬೈಯಲೇ ಇಲ್ಲ. ಊಟ ತಂದರೆ ಊಟ ಮಾಡಿದ, ಬೆಳೆಯ ವಿಚಾರ ಮಾತಾಡಿದ. ಡಾಕ್ಟರು ಹೊಸ ಫಿಲ್ಮ್ ಕೊಟ್ಟಾಗ ಮಾತ್ರ ನಾನು ಪಕ್ಕದಲ್ಲೇ ಕೂತಿದ್ದರೂ ಕವರನ್ನು ನನ್ನ ಮೂಗಿನ ಮುಂದಿನಿಂದ ದಾಟಿಸಿ ಅತ್ತೆಯ ಕೈಗೆ ಕೊಟ್ಟ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆಪರೇಶನ್ನಿನ ದಿನ ನರ್ಸು ಬಂದು ಎಡಗಡೆ ಬೆನ್ನಿನ ಮೇಲೆ ಪೆನ್ನಿನಿಂದ ಬಾಣ ಬರೆದರು. ಅತ್ತೆ ಹಾಸಿಗೆಯ ಕಾಲಬುಡಕ್ಕೆ ಬಂದು ನಿಂತು ನೋಡಿ, ಸರಿ ಐತಿ ಎಂದ ಮೇಲೆಯೇ ಮಾವ ತಳ್ಳುಗಾಡಿಯ ಮೇಲೆ ಮಲಗಿದ್ದು.

ಮಧ್ಯಾಹ್ನ ಹೊರಗೆ ತಂದರು. ಅತ್ತೆ ಔಷಧಿ ತರಲು ಕೆಳಗೆ ಹೋಗಿದ್ದಳು, ಹತ್ತಿರ ಇದ್ದವನು ನಾನೊಬ್ಬನೇ. ಮಾವ ಅರೆಗಣ್ಣು ತೆರೆದ. ತುಟಿ ಒಣಗಿತ್ತು.

"ತೆಗೆದ್ರೇನು?"

"ತೆಗೆದ್ರು ಮಾವ. ಎಲ್ಲ ಚೂರು ಬಂದಾವಂತ."

"ಯಾವ ಕಡಿ?"

"ಎಡಗಡಿ."

ಅವನು ಕತ್ತನ್ನು ನನ್ನ ಕಡೆ ಹೊರಳಿಸಿದ.

"ಯಾರ ಎಡಕ್ಕಲೇ?"

"ನಿಂದು ಮಾವ. ನಿನ್ನ ಎಡಕ್ಕ."

ಅದನ್ನೂ ಅವನು ಹಾಗೇ ಒಪ್ಪಿಕೊಳ್ಳಲಿಲ್ಲ. ಹೊದಿಕೆಯ ಕೆಳಗೆ ಕೈ ಮೆಲ್ಲಗೆ ಸರಿದು ಬೆನ್ನಿನ ಕಡೆ ಹೋಗಿ ಪಟ್ಟಿಯನ್ನು ತಡಕಿತು. ಸಿಕ್ಕಿದ ಮೇಲೆ ಕಣ್ಣು ಮುಚ್ಚಿದ.